ಮನೆ ನಂಬರು ಹದಿನಾಲ್ಕು ಬೈ ಎರಡು

ಫೆಬ್ರವರಿ ೧೧

ಮೆಣಸಿಗೆ,

ಫೋನು ಮಾಡಿದರೆ ನಾನು "ಹೂಂ, ಹೂಂ" ಬಿಟ್ಟು ಬೇರೇನೂ ಹೇಳುವುದಿಲ್ಲ ಎಂದು ನೀನು ಜಗಳವಾಡಿದ್ದರಿಂದ ಈ ಕಾಗದ. ಐವತ್ತು ದಾಟಿದವಳನ್ನು ಅಡ್ಡಹೆಸರಿನಿಂದ ಕರೆಯುತ್ತೇನೆಂದು ಬೇಜಾರು ಮಾಡಿಕೊಳ್ಳಬೇಡ. ಹೆಸರಿಟ್ಟವನು ಅಪ್ಪ, ಕಾರಣ ನಿನ್ನ ಬಾಯಿ.

ನನ್ನದು ಅದೇ ಸರ್ಕಾರಿ ಮುದ್ರಣಾಲಯ, ಮೊದಲ ಮಹಡಿ, ಕಿಟಕಿ ಪಕ್ಕದ ಮೇಜು. ಎದುರಿಗೆ ಓದುವವಳು ಕೂತು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುತ್ತಾಳೆ, ಅಲ್ಪವಿರಾಮ ಪೂರ್ಣವಿರಾಮಗಳ ಸಮೇತ. ನಾನು ಕರಡು ಅಚ್ಚಿನ ಮೇಲೆ ಕಣ್ಣಿಟ್ಟು, ತಪ್ಪು ಕಂಡಲ್ಲಿ ಕೆಂಪು ಮಸಿಯಲ್ಲಿ ತಿದ್ದುತ್ತೇನೆ. ಮೂವತ್ತೆರಡು ವರ್ಷದಲ್ಲಿ ನನ್ನ ಹಾಳೆಯ ಬಗ್ಗೆ ಒಂದು ದೂರೂ ಬಂದಿಲ್ಲ. ಅಕ್ಟೋಬರ್ ಮೂವತ್ತೊಂದಕ್ಕೆ ನಿವೃತ್ತಿ.

ಈ ವಾರ ಯಾವುದೋ ದೊಡ್ಡ ಪಟ್ಟಿ ಬಂದಿದೆ. ಹಾಳೆಗಳನ್ನು ಆರು ಮೇಜುಗಳಿಗೆ ಹಂಚಿದ್ದಾರೆ. ನಮ್ಮ ಪಾಲಿಗೆ ಬಂದದ್ದು ನಡುವಿನ ಹಾಳೆಗಳು: ಬರೀ ಹೆಸರು, ಬೀದಿ, ಮನೆ ನಂಬರು. ತಲೆಬರಹದ ಮೊದಲ ಹಾಳೆ ಬರುವುದು ಕೊನೆಗೆ, ಅದೂ ಬೇರೆ ಮೇಜಿಗೆ. ಪಟ್ಟಿಯಲ್ಲಿ ಯಾರಿದ್ದಾರೆ ಎಂದು ಹೊರಗೆ ಹೇಳಬಾರದು, ನಾನೂ ಹೇಳುವುದಿಲ್ಲ. ಆದರೆ ಬಾಗಿಲ ಮೇಲೆ ಅಪ್ಪ ಬರೆದ ೧೪/೨ ಅಳಿಸಿಹೋಗಿದ್ದರೆ ಮತ್ತೆ ದಪ್ಪಗೆ ಬರೆದುಕೊ. ಸರ್ಕಾರದವರು ಏನಾದರೂ ಕೊಡಲು ಬಂದರೆ ಮನೆ ಸಿಗಬೇಕಲ್ಲ.

ನಗರಸಭೆಯ ಪುಸ್ತಕದಲ್ಲಿ ಇಂದಿಗೂ ಬರೀ ೧೪ ಅಂತಲೇ ಇದೆ. ೧೪ಕ್ಕೆ ಹೋದವರಿಗೆ ಸಿಗುವುದು ಟೈರಿನ ಗೋದಾಮು. ನನ್ನ ಪಾಲಿನ ಮುಂಭಾಗ ಮಾರಿ ನಾನು ಊರು ಬಿಟ್ಟಾಗ ಅಪ್ಪ ತಾನೇ ಕುಂಚ ಹಿಡಿದು ನಿನ್ನ ಹಿಂಭಾಗದ ಬಾಗಿಲಿಗೆ ಆ "/೨" ಸೇರಿಸಿದ. ಅದು ಗೊತ್ತಿರುವುದು ನಮ್ಮಿಬ್ಬರಿಗೆ, ಬಿಟ್ಟರೆ ಅಂಚೆಯವನಿಗೆ. ಜಾಸ್ತಿ ಕೇಳಬೇಡ. ಒಳ್ಳೆಯದೇ ಆಗುತ್ತದೆ.

ನಿನ್ನ ಅಣ್ಣ


ಫೆಬ್ರವರಿ ೨೨

ಕೆಂಪು ಮಸಿ ಅಣ್ಣನಿಗೆ,

ನಿನ್ನ ಕಾಗದ ಓದಿ ಎರಡು ಸಲ ನಕ್ಕೆ. ಹೇಳುವುದಿಲ್ಲ ಎನ್ನುತ್ತಲೇ ಅರ್ಧ ಹೇಳಿ ಇನ್ನರ್ಧ ನುಂಗುವುದು ನಿನ್ನ ಹಳೇ ಚಾಳಿ. ಅಡ್ಡಗೋಡೆಯ ಮೇಲೆ ದೀಪ ಇಡುವುದಕ್ಕೆ ನಿನ್ನನ್ನು ಬಿಟ್ಟರಿಲ್ಲ.

ಕಿಟಕಿಗೆ ಬಳಿದು ಉಳಿದ ನೀಲಿ ಬಣ್ಣ ಇತ್ತು. ಸ್ಟೂಲು ಹತ್ತಿ ಬರೆದೆ. ಪಕ್ಕದ ಮನೆಯವಳು, "ಏನಕ್ಕಾ, ಈ ವಯಸ್ಸಲ್ಲಿ ಮದುವೆಗಿದುವೆ ಆಗ್ತಿದ್ದೀಯಾ?" ಅಂದಳು. "ಸರ್ಕಾರ ಹೆಣ್ಣು ನೋಡೋಕೆ ಬರ್ತಿದೆ" ಅಂದೆ. ಅಪ್ಪನಷ್ಟು ನೇರವಾಗಿ ಬರಲಿಲ್ಲ. ರೈಲು ಡಬ್ಬಿಗಳ ಮೇಲೆ ಜೀವಮಾನವಿಡೀ ನಂಬರು ಬರೆದ ಕೈ ಎಲ್ಲಿ, ಚಡ್ಡಿಗೆ ಗುಂಡಿ ಹಚ್ಚುವ ಕೈ ಎಲ್ಲಿ. ಆದರೂ ಬೀದಿ ತಿರುವಿನಿಂದಲೇ ಕಾಣುತ್ತದೆ.

ಶಾಲೆಯ ಸಮವಸ್ತ್ರದ ಕೆಲಸ ಬಂದಿದೆ, ತೊಂಬತ್ತೆರಡು ಜೊತೆ. ಕೊಡುವುದು ಹೊಲಿಗೆ ಯಂತ್ರವೇ ಆಗಿದ್ದರೆ ಕಾಲಿನದ್ದು ಬೇಡ, ಮೋಟಾರಿನದ್ದು ಕೊಡಲು ಹೇಳು. ಮಂಡಿ ಕೇಳುವುದಿಲ್ಲ.

ಅಕ್ಟೋಬರಿಗೆ ನಿನಗೊಂದು ಅಂಗಿ ಹೊಲಿಯಬೇಕೆಂದಿದ್ದೇನೆ. ಭುಜದ ಅಳತೆ ಹಳೆಯದೇ ಇದೆ. ಮುದುಕನಾಗಿ ಕುಗ್ಗಿದ್ದರೆ ಮೊದಲೇ ತಿಳಿಸು.

ನಿನ್ನ ಮೆಣಸು


ಏಪ್ರಿಲ್ ೩

ಅಣ್ಣನಿಗೆ,

ನಿನ್ನೆ ಮಧ್ಯಾಹ್ನ ಇಬ್ಬರು ಬಂದಿದ್ದರು. ಒಬ್ಬನ ಕೈಯಲ್ಲಿ ಅಚ್ಚಾದ ಪುಸ್ತಕ, ಇನ್ನೊಬ್ಬನ ಕೈಯಲ್ಲಿ ಮಸಿಯ ಪ್ಯಾಡು. ಬಿಸಿಲಿನಲ್ಲಿ ಬಂದಿದ್ದಾರೆಂದು ನೀರು ಕೊಟ್ಟೆ. ಕುಡಿದು, "ನಿಮ್ಮನೆ ಹುಡುಕೋದು ಕಷ್ಟ ಆಗ್ಲಿಲ್ಲಮ್ಮ, ನಂಬರು ಎಷ್ಟು ಚೆನ್ನಾಗಿ ಬರ್ದಿದೀರ" ಅಂದರು. ಆಮೇಲೆ ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದರು. ಮುನ್ನೂರ ಹನ್ನೆರಡನೇ ಸಾಲು. ನನ್ನ ಹೆಸರು. ಸೇತುವೆ ಲೈನು. ಮನೆ ೧೪/೨.

ಯಂತ್ರ ಕೊಡುವ ಪಟ್ಟಿ ಅಲ್ಲ ಅಣ್ಣ. ಹೊರಗಿನವರ ಕಾಯಿದೆಯ ಪಟ್ಟಿ. ನಾನು ಈ ದೇಶದವಳು ಎಂದು ತೊಂಬತ್ತು ದಿನದೊಳಗೆ ಕಾಗದ ತೋರಿಸಬೇಕಂತೆ. ಅದೂ ದೊರೆಗಳು ಬಿಟ್ಟುಹೋಗುವ ಮೊದಲಿನ ಕಾಗದ. ತೋರಿಸದಿದ್ದರೆ ನಾನು ಹೊರಗಿನವಳು. ಹೊರಗೆ ಎಂದರೆ ಎಲ್ಲಿಗೆ ಎಂದು ಕೇಳಿದೆ. "ಅದು ಬೇರೆ ವಿಭಾಗದೋರು ಹೇಳ್ತಾರೆ" ಅಂದ. ನನಗೆ ಸಹಿ ಬರುತ್ತದೆ ಎಂದರೂ ಹೆಬ್ಬೆಟ್ಟು ಒತ್ತಿಸಿಕೊಂಡ.

ನಮ್ಮ ಸಾಲಿನಲ್ಲಿ ಐದು ಮನೆಯವರ ಹೆಸರು ಬಂದಿದೆ. ನಾಲ್ಕು ಮನೆಗಳ ನಂಬರು ತಪ್ಪಾಗಿ ಅಚ್ಚಾಗಿತ್ತು. ಅಲ್ಲೆಲ್ಲ ಬಾಗಿಲು ತಟ್ಟಿ, ಬೇರೆಯವರನ್ನು ಕಂಡು, "ವಿಳಾಸದಲ್ಲಿ ಇಲ್ಲ" ಎಂದು ಬರೆದುಕೊಂಡು ಹೋದರು. ಅವರದು ಇನ್ನು ಮುಂದಿನ ಪಟ್ಟಿಗೇ, ಅದಕ್ಕೆ ಎಷ್ಟೋ ವರ್ಷ ಬೇಕಂತೆ. ಸರಿಯಾಗಿ ಅಚ್ಚಾಗಿದ್ದದ್ದು ನನ್ನದೊಂದೇ.

ಅಪ್ಪನ ಕಾಗದ ಏನಾದರೂ ನಿನ್ನ ಹತ್ತಿರ ಇದೆಯಾ? ನೋಡಿ ಬರೆ.

ತಂಗಿ


ಏಪ್ರಿಲ್ ೨೯

ತಂಗಿಗೆ ಆಶೀರ್ವಾದಗಳು.

ಕಾಗದ ತಲುಪಿತು. ಕೆಲಸದ ಒತ್ತಡದಿಂದ ಉತ್ತರ ತಡವಾಯಿತು.

ಅಪ್ಪನ ಕಾಗದ ನನ್ನ ಹತ್ತಿರ ಇಲ್ಲ. ನನ್ನ ಸೇವಾ ಪುಸ್ತಕದಲ್ಲಿ ಇರುವುದು ಶಾಲೆಯ ಹೆಡ್‌ಮಾಸ್ತರು ಬರೆದುಕೊಟ್ಟ ಚೀಟಿ ಮಾತ್ರ. ನಿನ್ನನ್ನು ಮೂರನೇ ತರಗತಿಗೇ ಬಿಡಿಸಿದ್ದರಿಂದ ನಿನಗೆ ಅದೂ ಇಲ್ಲ. ಅಜ್ಜನ ಹಿತ್ತಾಳೆ ಬಿಲ್ಲೆ ನಿನ್ನ ಪೆಟ್ಟಿಗೆಯಲ್ಲಿರಬೇಕು. ಸೇತುವೆ ಕಟ್ಟಲು ಕರೆತಂದ ಕೂಲಿಗಳಿಗೆ ದೊರೆಗಳು ಕಾಗದ ಕೊಡಲಿಲ್ಲ, ಕುತ್ತಿಗೆಗೆ ನಂಬರಿನ ಬಿಲ್ಲೆ ಕೊಟ್ಟರು. ಅದನ್ನು ತೋರಿಸಿ ನೋಡು.

ಈ ಕಾಯಿದೆಯೂ ದೊರೆಗಳದ್ದೇ. ಆ ಕೂಲಿಗಳು ಕೆಲಸ ಬಿಟ್ಟು ಓಡಿಹೋಗದಂತೆ ಮಾಡಿದ್ದು. ಹತ್ತು ವರ್ಷದ ಹಿಂದೆ ಮರುಮುದ್ರಣಕ್ಕೆ ಬಂದಾಗ ಕರಡು ತಿದ್ದಿದವನು ನಾನು. "ದೊರೆತನ" ಎಂದಿದ್ದ ಕಡೆಯಲ್ಲೆಲ್ಲ "ಸರ್ಕಾರ" ಎಂದು ಹಾಕಬೇಕಿತ್ತು. ಹನ್ನೊಂದು ಕಡೆ ಹಾಕಿದೆವು. ಮಿಕ್ಕಿದ್ದೆಲ್ಲ ಇದ್ದ ಹಾಗೇ ಬಿಟ್ಟೆವು. ಆ ಪುಸ್ತಕದಲ್ಲೂ ಒಂದು ತಪ್ಪೂ ಉಳಿದಿರಲಿಲ್ಲ.

ಇಲ್ಲಿ ಸೆಕೆ ಜಾಸ್ತಿ. ಮೇಜಿನ ಮೇಲಿನ ಫ್ಯಾನು ಕೆಟ್ಟು ಒಂದು ವಾರವಾಯಿತು. ಆರೋಗ್ಯ ನೋಡಿಕೊ.

ಅಣ್ಣ


ಜೂನ್ ೧೪

ಅಣ್ಣನಿಗೆ,

ಬಿಲ್ಲೆ ತೆಗೆದುಕೊಂಡು ಪಟ್ಟಿಯ ಕಚೇರಿಗೆ ಹೋದೆ. ಕಿಟಕಿಯೊಳಗೆ ಕೂತವನು ಹಿಂದೆ ಮುಂದೆ ತಿರುಗಿಸಿ ನೋಡಿ, "ಪಾತ್ರೆ ಅಂಗಡಿ ಎದುರುಗಡೆ ಸಾಲಲ್ಲಿದೆಯಮ್ಮ" ಅಂದ. ಸಾಲಿನಲ್ಲಿದ್ದವರು ನಕ್ಕರು. ನನಗೂ ನಗು ಬಂತು, ಏನು ಮಾಡಲಿ.

"ಕಾಗದ ಕೊಟ್ಟಿದ್ರೆ ಕಾಗದಾನೇ ತರ್ತಿದ್ದೆ" ಅಂದೆ.

"ಯಾರು ಕೊಡ್ಲಿಲ್ವೋ ಅವರನ್ನೇ ಕೇಳಿ."

ಅವರು ಹಡಗು ಹತ್ತಿ ಹೋದಾಗ ಅಪ್ಪ ಇನ್ನೂ ಅಂಬೆಗಾಲಿಡುತ್ತಿದ್ದ. ಯಾರನ್ನು ಕೇಳಲಿ.

ಈಗ ಒಬ್ಬಳು ವಕೀಲಮ್ಮ ಸಿಕ್ಕಿದ್ದಾಳೆ. ಚಿಕ್ಕವಳು, ಮಾತು ಕಡಿಮೆ, ಓದುವುದು ಜಾಸ್ತಿ. ಅಧಿಕಾರಿ ಸಹಿ ಹಾಕಿದ ಮೂಲ ಪಟ್ಟಿಯನ್ನು ಹೇಗೋ ತೆಗೆಸಿ ನೋಡಿದಳು. ಅದರಲ್ಲಿ ನನ್ನ ಮನೆ ಬರೀ ೧೪. ಅಚ್ಚಿನಲ್ಲಿ ೧೪/೨. ಸಹಿಯಾದ ಮೇಲೆ ಮುದ್ರಣಾಲಯದಲ್ಲಿ ಯಾರೋ ಸೇರಿಸಿದ್ದಾರೆ. ಅಪ್ಪಣೆಯಿಲ್ಲದೆ ತಿದ್ದಿದ ಆದೇಶ ನಿಲ್ಲುವುದಿಲ್ಲವಂತೆ, ನನ್ನ ಹೆಸರು ಬಿದ್ದುಹೋಗುತ್ತದಂತೆ. ಆದರೆ ಆ ಕೆಂಪು ಮಸಿಯ ಹಾಳೆ ಬೇಕು. ತಿದ್ದಿದವರು ಬಂದು "ನಾನೇ ತಿದ್ದಿದ್ದು" ಎನ್ನಬೇಕು.

"ನಿಮ್ಮನೆ ನಂಬರು ಯಾರಿಗೆ ಗೊತ್ತಿತ್ತು?" ಎಂದು ಕೇಳಿದಳು. ಅಂಚೆಯವನಿಗೆ ಎಂದೆ.

ಅವಳು ಇನ್ನೊಂದು ಮಾತೂ ಹೇಳಿದಳು. ತಿದ್ದಿದವರು ಒಡಹುಟ್ಟಿದವರಾಗಿದ್ದರೆ ಅವರ ಸೇವಾ ಪುಸ್ತಕವನ್ನೂ ತೆರೆಯುತ್ತಾರೆ. ಅದೇ ಅಜ್ಜ, ಅದೇ ಬಿಲ್ಲೆ. ಆಗ ಇಬ್ಬರೂ ಈ ದೇಶದ ಒಳಗೆ, ಇಲ್ಲವೇ ಇಬ್ಬರೂ ಹೊರಗೆ.

ನಾನು ನಿನ್ನನ್ನು ಏನೂ ಕೇಳುತ್ತಿಲ್ಲ. ತಿದ್ದಿದ ಹಾಳೆಗಳನ್ನು ನೀವು ಎಷ್ಟು ದಿನ ಇಡುತ್ತೀರಿ, ಅಷ್ಟು ಬರೆ ಸಾಕು.

ತಂಗಿ


ಜುಲೈ ೧೮

ತಂಗಿಗೆ ಆಶೀರ್ವಾದಗಳು.

ತಿದ್ದಿದ ಹಾಳೆಗಳನ್ನು ಚೀಲಕ್ಕೆ ತುಂಬಿ ನೆಲಮಾಳಿಗೆಯಲ್ಲಿ ಆರು ತಿಂಗಳು ಇಡುತ್ತಾರೆ. ಆಮೇಲೆ ಅವು ರಟ್ಟಿನ ಕಾರ್ಖಾನೆಗೆ ಹೋಗುತ್ತವೆ. ಈ ವರ್ಷ ಜಾಗ ಸಾಲದೆ ಮೊದಲೇ ಕಳುಹಿಸಿದರು ಎನ್ನುತ್ತಾರೆ. ಸಿಗುವುದು ಕಷ್ಟ.

ಓದುವವಳು ರಜೆಯಲ್ಲಿದ್ದಾಳೆ. ಅವಳ ಜಾಗಕ್ಕೆ ಬಂದವನು ಅಲ್ಪವಿರಾಮ ಓದುವುದಿಲ್ಲ, ಕೇಳಿದರೆ "ಅದೆಲ್ಲ ನಿಮಗೇ ಕಾಣುತ್ತಲ್ಲ ಸಾರ್" ಎನ್ನುತ್ತಾನೆ. ನನ್ನ ಪಿಂಚಣಿಯ ಕಡತ ಮೇಲಿನ ಕಚೇರಿಗೆ ಹೋಗಿದೆ. ಸೇವಾ ಪುಸ್ತಕವೂ ಅವರ ಮೇಜಿನ ಮೇಲೇ ಇದೆ.

ಧೈರ್ಯವಾಗಿರು. ಸತ್ಯಕ್ಕೆ ಸಾವಿಲ್ಲ.

ಅಣ್ಣ


ಆಗಸ್ಟ್ ೨೭

ಅಣ್ಣನಿಗೆ,

ಈ ಕಾಗದ ವಕೀಲಮ್ಮನ ಚೀಲದಲ್ಲಿ ಬರುತ್ತಿದೆ. ನೀನೂ ಬರೆಯುವುದಿದ್ದರೆ ಅವಳಿಗೇ ಕೊಡು.

ವಿಚಾರಣೆ ಹತ್ತು ನಿಮಿಷವೂ ನಡೆಯಲಿಲ್ಲ. ಅಲ್ಲಿ ಇನ್ನೂ ದೊರೆಗಳ ಭಾಷೆಯೇ. ಅವರು ಕೇಳಿದ್ದನ್ನು ಒಬ್ಬ ನನಗೆ ಹೇಳುತ್ತಿದ್ದ, ನಾನು ಹೇಳಿದ್ದನ್ನು ಅವರಿಗೆ ಹೇಳುತ್ತಿದ್ದ. ನಾನು ಉದ್ದವಾಗಿ ಹೇಳಿದ್ದು ಅವನ ಬಾಯಲ್ಲಿ ಎರಡೇ ಪದವಾಗುತ್ತಿತ್ತು. ಹಾಳೆ ಇದೆಯೇ ಎಂದರು. ಇಲ್ಲ ಎಂದಳು ವಕೀಲಮ್ಮ. ಕೊನೆಗೆ, "ಒಡಹುಟ್ಟಿದೋರು ಯಾರಾದ್ರೂ ಇದ್ದಾರಾ?" ಎಂದು ಕೇಳಿಸಿದರು. ವಕೀಲಮ್ಮ ನನ್ನ ಮುಖ ನೋಡಿದಳು. ಯಾರೂ ಇಲ್ಲ ಎಂದೆ. ಅದನ್ನು ಮಾತ್ರ ಅವನು ಪೂರ್ತಿ ಹೇಳಿದ.

ಈಗ ಸೇತುವೆಯ ಆಚೆಗಿರುವ ಹಳೇ ಕುದುರೆ ಲಾಯದಲ್ಲಿದ್ದೇನೆ. ಗೋಡೆಯಲ್ಲಿ ಕಬ್ಬಿಣದ ಬಳೆಗಳು ಇನ್ನೂ ಇವೆ, ನಾವು ಸೀರೆ ಒಣಹಾಕುತ್ತೇವೆ. ಒಟ್ಟು ನಲವತ್ತು ಹೆಂಗಸರು. ಹೊಲಿಗೆ ಬರುತ್ತದೆಂದು ನನಗೆ ಯಂತ್ರ ಕೊಟ್ಟಿದ್ದಾರೆ, ಮೋಟಾರಿನದ್ದೇ. ಕಾವಲಿನವರ ಅಂಗಿ ಹೊಲಿಯುತ್ತೇನೆ. ಊರಿನ ಜನರೂ ಬಂದು ಅಳತೆ ಕೊಟ್ಟು ಹೋಗುತ್ತಾರೆ. ಅಂತೂ ನಿನ್ನ ಪಟ್ಟಿಯಿಂದ ಯಂತ್ರ ಸಿಕ್ಕಿತು ನೋಡು.

ಅಳು ಬರಲಿಲ್ಲ. ಹೊಲಿದು ಹೊಲಿದು ಬೆರಳ ತುದಿ ಗಟ್ಟಿಯಾಗಿ, ಸೂಜಿ ಚುಚ್ಚಿದರೂ ಗೊತ್ತಾಗದ ಒಂದು ಜಾಗ ಇರುತ್ತದೆ. ಮೈಯೆಲ್ಲ ಹಾಗೇ ಆಗಿದೆ. ಊಟಕ್ಕೆ ಕರೆದರೆ ಹೋಗುತ್ತೇನೆ, ದೀಪ ಆರಿಸಿದರೆ ಮಲಗುತ್ತೇನೆ.

ಒಂದು ಹೇಳಿಬಿಡುತ್ತೇನೆ, ಮತ್ತೆ ಈ ಮಾತು ಎತ್ತುವುದಿಲ್ಲ. ಆ ಇಬ್ಬರು ಬೆರಳಿಟ್ಟು ೧೪/೨ ತೋರಿಸಿದಾಗಲೇ ನನಗೆ ಗೊತ್ತಾಯಿತು. ನಾನು ಹಾಕಿದ ಗುಂಡಿಯ ಕಾಜಾ ಯಾವ ಅಂಗಿಯಲ್ಲಿದ್ದರೂ ನನಗೆ ಗೊತ್ತಾಗುವುದಿಲ್ಲವೇ, ಹಾಗೆ. ನೀನು ಬರೆಯುತ್ತೀಯ ಎಂದು ಐದು ತಿಂಗಳು ಕಾದೆ. ಹೋಗಲಿ. ನಿನ್ನ ಅಕ್ಟೋಬರ್ ನಿನಗೆ ಸಿಗಲಿ.

ತಂಗಿ


ಅಕ್ಟೋಬರ್ ೫

ಮೆಣಸಿಗೆ,

ನಿನ್ನ ತೀರ್ಪು ಮೊನ್ನೆ ಅಚ್ಚಿಗೆ ಬಂತು. ನಮ್ಮ ಮೇಜಿಗೇ ಬಂತು. ಓದುವವಳು ಎಂದಿನಂತೆ ಗಟ್ಟಿಯಾಗಿ ಓದಿದಳು: "ಈಕೆಗೆ ಒಡಹುಟ್ಟಿದವರು ಯಾರೂ ಇಲ್ಲ, ಪೂರ್ಣವಿರಾಮ." ಅಚ್ಚಿನಲ್ಲೂ ಹಾಗೇ ಇತ್ತು. ಮುಂದಿನ ಸಾಲಿಗೆ ಹೋಗಬೇಕಿತ್ತು, ನಾನು ಹೋಗಲಿಲ್ಲ. "ಸರಿ ಇದ್ಯಾ ಸಾರ್?" ಎಂದಳು. ಸರಿ ಇದೆ ಎಂದೆ. ಗುರುತು ಹಾಕಿದೆ.

ಆ ಪಟ್ಟಿಯ ದಿನ ನಿನ್ನ ಹೆಸರು ಕಂಡು ನನಗೆ ಸಂತೋಷವಾಗಿತ್ತು. ನಮ್ಮ ಮನೆಯವರ ಹೆಸರು ಸರ್ಕಾರದ ಅಚ್ಚಿನಲ್ಲಿ ಬಂದದ್ದು ಅದೇ ಮೊದಲು. ಕೊಡುವ ಪಟ್ಟಿ ಎಂದೇ ಅಂದುಕೊಂಡೆ. ಓದುವವಳು ಹದಿನಾಲ್ಕು ಎಂದಳು, ಅಚ್ಚಿನಲ್ಲೂ ಹದಿನಾಲ್ಕೇ ಇತ್ತು. ಹಸ್ತಪ್ರತಿಯಲ್ಲಿ ಇಲ್ಲದ್ದನ್ನು ನಾನು ಎಂದೂ ಸೇರಿಸಿದವನಲ್ಲ. ಆ ದಿನ ಸೇರಿಸಿದೆ. ಪಕ್ಕದಲ್ಲಿ ನನ್ನ ಸಹಿಯನ್ನೂ ಹಾಕಿದೆ. ನಿನ್ನ ಏಪ್ರಿಲ್ ಕಾಗದ ಬಂದ ದಿನ ಅದನ್ನು ಮುದ್ರಣಾಲಯದ ಮೆಟ್ಟಿಲ ಮೇಲೇ ಕೂತು ಓದಿದೆ. ಆಮೇಲೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡೇ ಓಡಾಡಿದೆ.

ಚೀಲಗಳು ಹೋದವು ಎಂದು ಬರೆದಿದ್ದೆ. ಸುಳ್ಳು. ಮೆಟ್ಟಿಲಿಂದ ಎದ್ದವನೇ ನೆಲಮಾಳಿಗೆಗೆ ಇಳಿದು ಆ ಹಾಳೆ ತೆಗೆದಿದ್ದೆ. ಅಂದಿನಿಂದ ನನ್ನ ಟ್ರಂಕಿನಲ್ಲಿದೆ, ಅಪ್ಪನ ಕುಂಚಗಳ ಕೆಳಗೆ. ಸುಡಲಿಲ್ಲ, ಕೊಡಲೂ ಇಲ್ಲ. ಹೇಡಿ ಎನ್ನು, ನಿನಗೆ ಹಕ್ಕಿದೆ.

ಮೇಲ್ಮನವಿಗೆ ಮೂವತ್ತನೇ ತಾರೀಖು ಕೊನೆ. ಮೂವತ್ತೊಂದಕ್ಕೆ ನನ್ನ ನಿವೃತ್ತಿ. ಏನು ಮಾಡಲಿ, ನೀನೇ ಹೇಳು. ಇಪ್ಪತ್ತೆಂಟಕ್ಕೆ ಭೇಟಿಯ ದಿನ ಎಂದು ವಕೀಲಮ್ಮ ಹೇಳಿದಳು. ಬರುತ್ತೇನೆ. ಗೇಟಿನ ಪುಸ್ತಕದಲ್ಲಿ "ಸಂಬಂಧ" ಎಂದು ಒಂದು ಕಾಲಂ ಇದೆಯಂತೆ. ಅಲ್ಲಿ ಏನು ಬರೆಯಬೇಕೆಂದೂ ತಿಳಿಸು.

ನಿನ್ನ ಅಣ್ಣ


ಅಕ್ಟೋಬರ್ ೧೪

ಅಣ್ಣನಿಗೆ,

ಹಾಳೆಯ ವಿಷಯ ನನ್ನನ್ನು ಕೇಳಬೇಡ. ನನ್ನ ಬಾಯಿಂದ ಹೇಳಿಸಿ ನಿನ್ನ ಭಾರ ಇಳಿಸಿಕೊಳ್ಳಬೇಕೆಂದಿದ್ದೀಯ. ಅದೊಂದು ಕೆಲಸ ನನ್ನಿಂದ ಆಗುವುದಿಲ್ಲ. ಕೋಪ ಬಂದಿದ್ದರೆ ಚೆನ್ನಾಗಿತ್ತು, ಅದೂ ಬರುತ್ತಿಲ್ಲ.

ಭೇಟಿಗೆ ಬಾ. ಆ ಕಾಲಂನಲ್ಲಿ "ಗಿರಾಕಿ" ಎಂದು ಬರೆ. ಅಂಗಿಯ ಅಳತೆ ಕೊಡಲು ಬಂದಿದ್ದೇನೆ ಎಂದರೆ ಬಿಡುತ್ತಾರೆ, ಹಾಗೇ ಎಷ್ಟೋ ಜನ ಬರುತ್ತಾರೆ. ಟೇಪು ಹಿಡಿದು ನಿಂತಿರುತ್ತೇನೆ. ಭುಜ, ಎದೆ, ತೋಳು, ಕುತ್ತಿಗೆ. ನಿಧಾನವಾಗಿ ತೆಗೆದರೆ ಕಾಲು ಗಂಟೆ ಸಿಗುತ್ತದೆ. ಮಾತು ಬೇಡ.

ತಂಗಿ


ಅಕ್ಟೋಬರ್ ೨೯

ಮೆಣಸಿಗೆ,

ನಿನ್ನೆ ಹತ್ತು ಗಂಟೆಗೇ ಬಂದಿದ್ದೆ. ನೀನು ಟೇಪು ಹಿಡಿದು ಕಾದಿರುತ್ತೀಯ.

ಗೇಟಿನ ಕಾವಲಿನವನು ಪುಸ್ತಕ ಮುಂದೆ ತಳ್ಳಿದ. ಹೆಸರು ಬರೆದೆ, ಕೆಲಸ ಬರೆದೆ. ಸಂಬಂಧ ಎಂಬಲ್ಲಿ "ಅಣ್ಣ" ಎಂದು ಬರೆದೆ. ಗಿರಾಕಿ ಎಂದು ಬರೆಯಬೇಕೆಂದೇ ಬಸ್ಸಿನಲ್ಲಿ ಬಂದಿದ್ದೆ.

ಅವನು ತನ್ನ ಪಟ್ಟಿ ನೋಡಿದ. "ಇವರಿಗೆ ಅಣ್ಣ ತಮ್ಮ ಯಾರೂ ಇಲ್ಲ ಅಂತಿದೆ ಸಾರ್. ತಪ್ಪಾಗಿ ಬರ್ದಿದೀರ" ಅಂದ. ಒಳ್ಳೆಯ ಮನುಷ್ಯ. ದನಿ ತಗ್ಗಿಸಿ, "ಅದನ್ನ ಹೊಡೆದ್ಹಾಕಿ ಗಿರಾಕಿ ಅಂತ ತಿದ್ದಿ, ಒಳಗೆ ಬಿಡ್ತೀನಿ" ಎಂದು ತನ್ನ ಪೆನ್ನನ್ನೇ ಕೊಟ್ಟ. ತಪ್ಪು ಎಂದು ಯಾರಾದರೂ ಅಂದರೆ ನನ್ನ ಕೈ ತಾನಾಗಿ ಹೋಗುತ್ತದೆ, ಮೂವತ್ತೆರಡು ವರ್ಷದ ಅಭ್ಯಾಸ. ಪೆನ್ನು ತೆಗೆದುಕೊಂಡೆ. ಆಮೇಲೆ ವಾಪಸು ಕೊಟ್ಟೆ.

ಹೊರಗಿನ ಬೆಂಚಿನ ಮೇಲೆ ಭೇಟಿಯ ಹೊತ್ತು ಮುಗಿಯುವ ತನಕ ಕೂತಿದ್ದೆ. ಯಂತ್ರಗಳ ಸದ್ದು ಕೇಳುತ್ತಿತ್ತು. ಅದರಲ್ಲಿ ನಿನ್ನದು ಯಾವುದೆಂದು ಗೊತ್ತಾಗಲಿಲ್ಲ.

ಅಲ್ಲಿಂದ ನೇರವಾಗಿ ವಕೀಲಮ್ಮನಲ್ಲಿಗೆ ಹೋದೆ. ಹಾಳೆಯನ್ನು ಅಂಗಿಯೊಳಗೆ ಇಟ್ಟುಕೊಂಡೇ ಬಂದಿದ್ದೆ, ಕೊಟ್ಟೆ. ಅವಳು ೧೪/೨ರ ಪಕ್ಕದ ಸಹಿ ನೋಡಿದಳು. "ನಿಮ್ಮ ತಂಗಿ ಒಡಹುಟ್ಟಿದೋರಿಲ್ಲ ಅಂದಿದ್ದಕ್ಕೂ ಉತ್ತರ ಕೊಡ್ಬೇಕಾಗುತ್ತೆ. ಇಬ್ರೂ ಒಳಗೆ, ಇಲ್ಲ ಇಬ್ರೂ ಹೊರಗೆ. ಗೊತ್ತಲ್ವಾ?" ಅಂದಳು. ಗೊತ್ತು ಎಂದೆ. ನಾಳೆ ಹನ್ನೊಂದಕ್ಕೆ ನನ್ನ ಹೇಳಿಕೆ ಬರೆದುಕೊಳ್ಳುತ್ತಾರೆ. ಭಯವಾಗುತ್ತಿದೆ.

ಗೇಟಿನ ಪುಸ್ತಕ ಒಳಗಿರುವ ನಿಮಗೆ ನೋಡಲು ಸಿಗುತ್ತದೆಯೇ? ಸಿಕ್ಕರೆ ಇಪ್ಪತ್ತೆಂಟನೇ ತಾರೀಖಿನ ಮೊದಲ ಸಾಲು ನೋಡು. ನಾನು ಬರೆದದ್ದು ಹಾಗೇ ಇದೆ. ತಿದ್ದಲಿಲ್ಲ.

ಅಣ್ಣ